ಯಾರೂ ಆರ್ಡರ್ ಕೊಡದ ಚಂದ್ರ

ನನ್ನ ಮಾವ ಸ್ವೀಡನ್ನಿಗೆ ಬಂದಿಳಿದಾಗ ಅವರ ಕೈಚೀಲದಲ್ಲಿ ಇದ್ದದ್ದು ಎರಡು ಕಿಲೋ ಕೊಬ್ಬರಿ, ಒಂದು ಡಬ್ಬಿ ಚಟ್ನಿಪುಡಿ ಮತ್ತು ಟವೆಲ್ಲಿನಲ್ಲಿ ಸುತ್ತಿದ ಒಂದು ಕ್ಯಾಮೆರಾ. ಕೊಬ್ಬರಿಯನ್ನೂ ಚಟ್ನಿಪುಡಿಯನ್ನೂ ನಾನು ಕೂಡಲೇ ಅಡುಗೆಮನೆಗೆ ಸೇರಿಸಿದೆ. ಕ್ಯಾಮೆರಾ ನೋಡಿ ನನ್ನ ಗಂಡ ನಕ್ಕ.

"ಅಬ್ಬಾ, ಇದನ್ಯಾಕೆ ಹೊತ್ಕೊಂಡ್ ಬಂದ್ರಿ? ಈಗೆಲ್ಲಾ ಡಿಜಿಟಲ್ಲು. ನನ್ಹತ್ರಾನೇ ಒಂದಿದೆ, ಎಷ್ಟು ಬೇಕಾದ್ರೂ ಹೊಡೀರಿ."

ಮಾವ ಟವೆಲ್ಲು ಬಿಡಿಸಿ, ಕ್ಯಾಮೆರಾವನ್ನು ಸೋಫಾದ ಮೇಲೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ನಾನು ಕೊಟ್ಟ ಚಹಾ ಕುಡಿದರು.

ಅದು ಎರಡು ಸಾವಿರದ ಆರನೇ ಇಸವಿ, ಮೇ ತಿಂಗಳ ಕೊನೆ. ನಾವಿದ್ದದ್ದು ಕಾರ್ಲ್‌ಸ್ಕ್ರೂನಾದಲ್ಲಿ. ದ್ವೀಪಗಳ ಮೇಲೆ ಕಟ್ಟಿದ ಊರು, ಯಾವ ಬೀದಿ ಹಿಡಿದು ನಡೆದರೂ ಸ್ವಲ್ಪ ಹೊತ್ತಿಗೆ ಸಮುದ್ರ ಎದುರಾಗುತ್ತದೆ. ನಾನು ಮೊಬೈಲ್ ಫೋನುಗಳ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ಕೆಲಸದಲ್ಲಿದ್ದೆ. ತಪ್ಪು ಹುಡುಕುವುದು ನನ್ನ ಸ್ವಭಾವಕ್ಕೂ ಒಗ್ಗಿತ್ತು ಎಂದು ಗಂಡ ಹೇಳುತ್ತಿದ್ದ. ಅತ್ತೆ ಬರಲಿಲ್ಲ, ಊರಲ್ಲಿ ನಾದಿನಿಯ ಬಾಣಂತನ ನಡೆಯುತ್ತಿತ್ತು. ಮಾವನಿಗೆ ಜುಲೈ ಇಪ್ಪತ್ತೇಳಕ್ಕೆ ವಾಪಸ್ ಟಿಕೆಟ್ ಆಗಿತ್ತು.

ನಮ್ಮಿಬ್ಬರ ನಡುವಿನ ಮಾತಿನ ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ನಾನು ಮಂಗಳೂರು ಕಡೆಯ ಬ್ಯಾರಿ ಮನೆಯವಳು. ಅವರು ತಿಪಟೂರಿನವರು, ಮನೆಮಾತು ಉರ್ದು. ನನ್ನ ಬ್ಯಾರಿ ಮಾತು ಅವರಿಗೆ ಒಂದಕ್ಷರ ತಿಳಿಯದು, ನಾನು ಉರ್ದುವಿನಲ್ಲಿ ಬಾಯಿ ತೆರೆದರೆ ಮನೆಮಂದಿಯೆಲ್ಲ ನಗುತ್ತಾರೆ. ಹಾಗಾಗಿ ನಮ್ಮಿಬ್ಬರಿಗೂ ಕನ್ನಡವೇ ಗತಿ. ಅಪ್ಪನನ್ನು ಅಬ್ಬಾ ಎಂದು ಕರೆಯುವುದೊಂದು ಬಿಟ್ಟರೆ, ನಾನು ಎದುರಿಗಿದ್ದಾಗ ಅಪ್ಪ ಮಗನೂ ಕನ್ನಡದಲ್ಲೇ ಮಾತಾಡುತ್ತಿದ್ದರು. ನನ್ನದು ಪಾಠ ಓದಿದ ಹಾಗಿರುವ ಕನ್ನಡ ಎಂದು ಮಾವ ಛೇಡಿಸುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ನನ್ನ ಬಾಯಿಂದ ಊರಿನ "ಎಂತ" ಹೊರಬೀಳುತ್ತಿತ್ತು, ಸಿಟ್ಟು ನನಗೆ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು.

ಮಾವ ತಿಪಟೂರಿನಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ವರನ ಕಡೆಯವರಿಗೆ ಕಳಿಸಲು ಹುಡುಗಿಯರ ಫೋಟೋ, ಕೆಲವೊಮ್ಮೆ ಗೋಡೆಗೆ ಒರಗಿಸಿ ಕೂರಿಸಿದ ಹೆಣ. ಎಲ್ಲರಿಗೂ ಡಿಜಿಟಲ್ ಬೇಕಾದ ಮೇಲೆ ಹಿಂದಿನ ವರ್ಷ ಬಾಗಿಲು ಹಾಕಿದ್ದರು. ಬಂದ ಮೊದಲ ವಾರದಲ್ಲಿ ನಾನು ಸುಮ್ಮನೆ ಮಾತಿಗೆ ಕೇಳಿದೆ, "ಇಷ್ಟು ಫೋಟೋ ತೆಗೆದಿದ್ದೀರಲ್ಲ ಮಾವ, ಅದರಲ್ಲಿ ನಿಮ್ಮದು ಅಂತ ಇಷ್ಟದ್ದು ಯಾವುದು?"

ಅವರು ತಲೆಯಲ್ಲಾಡಿಸಿದರು.

"ನಂದು ಅಂತ ಯಾವ್ದೂ ಇಲ್ಲ ಬೇಟಾ. ಎಲ್ಲಾ ಯಾರೋ ಆರ್ಡರ್ ಕೊಟ್ಟಿದ್ದು. ಫಿಲ್ಮ್ ವೇಸ್ಟ್ ಮಾಡೋ ಹಾಗಿರ್ಲಿಲ್ಲ. ಯಾರೂ ಕೇಳ್ದೆ, ನಾನೇ ಆಸೆಪಟ್ಟು ಒಂದಾದ್ರೂ ತೆಗೀಬೇಕು ಅಂತ ಮೂರು ರೋಲ್ ತಂದಿದ್ದೀನಿ. ನೋಡೋಣ."

ಆ "ನೋಡೋಣ" ಮೂರು ವಾರ ನಡೆಯಿತು. ದಿನವೂ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಊರೆಲ್ಲ ತಿರುಗುವರು. ಹಡಗು, ಚರ್ಚು, ಲೈಲಾಕ್ ಹೂವು, ಐಸ್‌ಕ್ರೀಮ್ ತಿನ್ನುವ ಮುದುಕಿಯರು, ಎಲ್ಲಕ್ಕೂ ಕ್ಯಾಮೆರಾ ಎತ್ತಿ ಹಿಡಿಯುವರು, ಫೋಕಸ್ ಮಾಡುವರು, ಮತ್ತೆ ಇಳಿಸಿಬಿಡುವರು. "ಚೆನ್ನಾಗಿದೆ, ಆದ್ರೆ ಇದು ಯಾರಿಗ್ ಬೇಕು?" ಎನ್ನುವರು. ನಲವತ್ತು ವರ್ಷದ ಅಭ್ಯಾಸ ಅವರ ಬೆರಳನ್ನು ಹಿಡಿದು ನಿಲ್ಲಿಸಿತ್ತು. ನನಗಂತೂ ತಲೆ ಕೆಟ್ಟುಹೋಯಿತು. "ಎಂತ ಮಾವ ನೀವು, ಒಂದು ಸಲ ಒತ್ತಿದರೆ ಬೆರಳು ಸವೆದುಹೋಗ್ತದಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವರು ನಕ್ಕರೇ ಹೊರತು ಒತ್ತಲಿಲ್ಲ.

ಜೂನ್ ಎರಡನೇ ವಾರದಲ್ಲಿ ಒಂದು ದಿನ ನಮ್ಮ ಕೋಣೆಯ ಬಾಗಿಲು ದಬದಬ ಬಡಿದ ಸದ್ದಾಯಿತು. ಅವರು ಫಜರ್ ಎನ್ನುವ, ನಾವು ಊರಲ್ಲಿ ಸುಬಹಿ ಎನ್ನುವ ಬೆಳಗಿನ ನಮಾಜು ತಪ್ಪಿಹೋಯಿತು ಎಂಬ ಗಾಬರಿ ಮಾವನಿಗೆ.

"ಏಳ್ರೋ! ಪೂರ್ತಿ ಬೆಳಕಾಗೋಯ್ತು!"

ನಾನು ಗಡಿಯಾರ ನೋಡಿದೆ. ರಾತ್ರಿ ಒಂದೂವರೆ. ನಮಾಜಿನ ವೇಳಾಪಟ್ಟಿಯನ್ನು ಪ್ರಿಂಟ್ ಮಾಡಿ ಫ್ರಿಜ್ಜಿನ ಮೇಲೆ ಅಂಟಿಸಿದ್ದೆ. ಮಾವ ಅದನ್ನು ನಂಬುತ್ತಿರಲಿಲ್ಲ, ಕಣ್ಣಿಗೆ ಕಂಡ ಬೆಳಕನ್ನೇ ನಂಬುತ್ತಿದ್ದರು. ನಿದ್ದೆಗೆಟ್ಟ ಸಿಟ್ಟಿನಲ್ಲಿ, ಸರಿಯಾಗಿ ನಾಲ್ಕು ಮಾತು ಹೇಳಬೇಕೆಂದೇ ಮಾವ ನಿಂತಿದ್ದ ಬಾಲ್ಕನಿಗೆ ಹೋದೆ.

ಬಡಗಣ ಆಕಾಶದ ಕೆಳಗೆಲ್ಲ ನೀಲಿ ಬೆಳ್ಳಿ ಬಣ್ಣದ ಮೋಡ ತಾನೇ ಹೊತ್ತಿಕೊಂಡ ಹಾಗೆ ಬೆಳಗುತ್ತಿತ್ತು. ಕಾದ ಹಾಲು ಆರುವಾಗ ಕೆನೆಯ ಮೇಲೆ ಸುಕ್ಕು ಮೂಡುತ್ತದಲ್ಲ, ಅಂಥ ಸಣ್ಣ ಸಣ್ಣ ಅಲೆಗಳು. ಅದರ ಮುಂದೆ ಮನೆಗಳೂ ಮರಗಳೂ ಕಪ್ಪಗೆ ನಿಂತಿದ್ದವು. ನಾಲ್ಕು ವರ್ಷದಿಂದ ಆ ದೇಶದಲ್ಲಿದ್ದೂ ನಾನು ಇದನ್ನು ಕಂಡಿರಲಿಲ್ಲ, ಯಾಕೆಂದರೆ ನಾನು ನಿದ್ದೆಯನ್ನು ಯಾವತ್ತೂ ಬಿಟ್ಟವಳಲ್ಲ. ಇಬ್ಬರೂ ಬರಿಗಾಲಲ್ಲಿ ನೋಡುತ್ತ ನಿಂತೆವು. ಕ್ಯಾಮೆರಾದ ನೆನಪು ಇಬ್ಬರಿಗೂ ಬರಲಿಲ್ಲ.

ಮರುದಿನ ಆಫೀಸಿನಲ್ಲಿ, ಅವರು ಫೀಕಾ ಎನ್ನುವ ಕಾಫಿ ವಿರಾಮದ ಹೊತ್ತಿಗೆ ಇದನ್ನು ಹೇಳಿದೆ. ಒಬ್ಬ ಹಿರಿಯ ಸಹೋದ್ಯೋಗಿ ಖುಷಿಯಾಗಿ, ಅದು "ನಟ್‌ಲೀಸಂದೆ ಮೋಲ್ನ್" ಎಂದ. ರಾತ್ರಿ ಬೆಳಗುವ ಮೋಡ. ಮಾಮೂಲಿ ಮೋಡಗಳಿಗಿಂತ ಎಷ್ಟೋ ಪಟ್ಟು ಮೇಲೆ, ಎಂಬತ್ತು ಕಿಲೋಮೀಟರ್ ಎತ್ತರದಲ್ಲಿ ತೇಲುವ ಮಂಜಿನ ಕಣಗಳು. ಸೂರ್ಯ ನಮಗೆ ಮುಳುಗಿದ್ದರೂ ಅವಕ್ಕೆ ಮುಳುಗಿರುವುದಿಲ್ಲ. ಬೇಸಿಗೆಯ ಎರಡು ತಿಂಗಳು ಮಾತ್ರ, ಅದೂ ಅದೃಷ್ಟ ಇದ್ದರೆ. ಸಂಜೆ ಇದನ್ನೆಲ್ಲ ನಾನು ಮಾವನಿಗೆ ಕೈ ಆಡಿಸಿ ವಿವರಿಸಿದೆ. ಅವರು ಅರ್ಧಕ್ಕೇ ತಡೆದರು.

"ಗೊತ್ತಾಯ್ತು ಬಿಡು. ಬಲ್ಬು ನಮಗ್ ಕಾಣಲ್ಲ, ಅದರ ಬೆಳಕು ಬಿದ್ದಿರೋ ಛತ್ರಿ ಮಾತ್ರ ಕಾಣುತ್ತೆ. ಸ್ಟುಡಿಯೋದಲ್ಲಿ ನಾನು ಮಾಡ್ತಿದ್ದಿದ್ದೂ ಅದೇ."

ಅವತ್ತಿನಿಂದ ಮಾವ ದಿನವೂ ಒಂದು ಗಂಟೆಗೆ ಏಳತೊಡಗಿದರು. ಹತ್ತು ದಿನ ಕಳೆದಿರಬೇಕು, ಮತ್ತೆ ನಮ್ಮ ಬಾಗಿಲು ದಬದಬ ಬಡಿದ ಸದ್ದಾಯಿತು. ಈ ಸಲ ಅವರ ಮುಖ ಹಬ್ಬದ ದಿನದ್ದು.

"ಚಾಂದ್ ಮುಬಾರಕ್! ಚಾಂದ್ ಕಾಣಿಸ್ತು! ಬನ್ನಿ ಬನ್ನಿ!"

ಈಶಾನ್ಯದಲ್ಲಿ ಮರಗಳ ಮೇಲೆ ತೆಳ್ಳನೆಯ ಚಂದ್ರ ನಿಂತಿದ್ದ. ಮಾವ ಕೈಯೆತ್ತಿ ಹೊಸ ಚಂದ್ರನನ್ನು ಕಂಡಾಗ ಹೇಳುವ ದುವಾ ಹೇಳಿದರು, ಅರೆನಿದ್ದೆಯಲ್ಲಿದ್ದ ಮಗನ ಹಣೆಗೆ ಮುತ್ತು ಕೊಟ್ಟರು, ನನ್ನ ತಲೆ ಸವರಿದರು. ನಾನೂ ಏನೂ ಯೋಚಿಸದೆ "ಚಾಂದ್ ಮುಬಾರಕ್ ಮಾವ" ಎಂದುಬಿಟ್ಟೆ. ಆಮೇಲೆ ಕಾಲಿಂಗ್ ಕಾರ್ಡಿನ ನಂಬರು ಒತ್ತಿ ಊರಿಗೆ ಫೋನು. ತಿಪಟೂರಿನಲ್ಲಿ ಆಗ ಬೆಳಗಿನ ಆರೂವರೆ. ಸ್ಪೀಕರಿನಲ್ಲಿ ಅತ್ತೆ ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗೆ:

"ಬೆಳಬೆಳಿಗ್ಗೆ ಯಾವ ಚಾಂದ್ ರೀ? ಹೊಸ ಚಾಂದ್ ಕಾಣೋದು ಸಾಯಂಕಾಲ, ಮಗ್ರಿಬ್ ನಮಾಜ್ ಆದ್ಮೇಲೆ. ನೀವ್ ನೋಡ್ತಿರೋದು ತಿಂಗಳು ಮುಗ್ಸಿ ಹೊರಟಿರೋ ಹಳೇ ಚಂದ್ರ. ಹೋಗೋರಿಗೆ ಯಾರಾದ್ರೂ ಮುಬಾರಕ್ ಹೇಳ್ತಾರಾ? ಅಲ್ಲಿ ಏನ್ ತಿನ್ನಿಸ್ತಿದ್ದಾಳೆ ಸೊಸೆ ನಿಮಗೆ?"

ನಾವು ಮೂವರೂ ನೆಲದ ಮೇಲೆ ಕೂತು ನಕ್ಕೆವು. ನಕ್ಕು ನಕ್ಕು ಮಾವನಿಗೆ ಕೆಮ್ಮು ಬಂತು. ಆದರೆ ಯೋಚಿಸಿದರೆ ತಪ್ಪು ಸಹಜವೇ. ನಮ್ಮವರೆಲ್ಲ ಇಪ್ಪತ್ತೊಂಬತ್ತನೇ ದಿನ ಸಂಜೆ ಮಹಡಿ ಹತ್ತಿ, ಒಬ್ಬರ ಬೆರಳು ಹಿಡಿದು ಒಬ್ಬರು ಪಡುವಣದಲ್ಲಿ ಚಂದ್ರನನ್ನು ಹುಡುಕುವವರು. ಬೆಳಗಿನ ಜಾವ ಮೂಡಣದಲ್ಲಿ ಅದೇ ಆಕಾರದಲ್ಲಿ ಒಬ್ಬ ಚಂದ್ರ ಬಂದು ಹೋಗುತ್ತಾನೆ ಎಂಬುದು ನನಗೂ ಹೊಳೆದಿರಲಿಲ್ಲ. ಮಾವನಂತೂ ಆ ಹೊತ್ತಿನಲ್ಲಿ ನಲವತ್ತು ವರ್ಷ ಡಾರ್ಕ್‌ರೂಮಿನಲ್ಲಿ ಹಿಂದಿನ ದಿನದ ಮದುವೆಯ ಫಿಲ್ಮು ತೊಳೆಯುತ್ತಿದ್ದವರು.

ಚಹಾ ಕುಡಿಯುವಾಗ ಅವರು ಇದ್ದಕ್ಕಿದ್ದಂತೆ ಹೇಳಿದರು, "ಪಾಪ ಅಲ್ವಾ ಬೇಟಾ? ಬರೋ ಚಂದ್ರನಿಗೆ ಊರೆಲ್ಲಾ ಕಾಯುತ್ತೆ. ಇವನ್ನ ಯಾರೂ ಕೇಳಲ್ಲ. ಇವನ ಫೋಟೋಗೆ ಯಾವ್ ಕಸ್ಟಮರ್ರೂ ಆರ್ಡರ್ ಕೊಡಲ್ಲ." ಲೋಟ ಕೆಳಗಿಟ್ಟರು. "ನಾನ್ ತೆಗೀತೀನಿ. ಆ ಬೆಳಗೋ ಮೋಡ, ಈ ಚಂದ್ರ, ಎರಡೂ ಒಂದೇ ಫ್ರೇಮಲ್ಲಿ."

ಅಂತೂ ಮಾವನಿಗೆ ಬೇಕಾದ್ದು ಸಿಕ್ಕಿತು ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಅದು ಎಂಥ ಕಷ್ಟದ ಆಸೆ ಎಂಬುದು ಆಮೇಲೆ ಕ್ಯಾಲೆಂಡರ್ ನೋಡಿದಾಗಲೇ ಗೊತ್ತಾದದ್ದು. ಅಮಾವಾಸ್ಯೆಗೆ ಮುಂಚಿನ ಎರಡು ಮೂರು ಬೆಳಗಿನಲ್ಲಿ ಮಾತ್ರ ಆ ಚಂದ್ರ. ಮೋಡ ಬೆಳಗುವುದು ಯಾವ ದಿನ ಎಂದು ಯಾರೂ ಹೇಳಲಾರರು. ಅವತ್ತು ಚಂದ್ರನಿದ್ದ, ಮೋಡವಿರಲಿಲ್ಲ. ಮರುದಿನದಿಂದ ಎರಡು ದಿನ ಮಿಡ್‌ಸೊಮ್ಮಾರ್, ನಡುಬೇಸಿಗೆಯ ಹಬ್ಬ. ಇಡೀ ದೇಶ ಹೂವಿನ ಕಿರೀಟ ಇಟ್ಟುಕೊಂಡು ಕುಣಿಯುವ ದಿನ. ಅವರ ಪದ್ಧತಿಯಂತೆ ಎರಡು ದಿನವೂ ಮಳೆ ಸುರಿಯಿತು. ಇನ್ನು ಉಳಿದದ್ದು ಜುಲೈ ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕು. ಮೂರೇ ಬೆಳಗು. ಇಪ್ಪತ್ತೇಳಕ್ಕೆ ವಿಮಾನ.

"ಆಷಾಢ," ಎಂದರು ಮಾವ, ನಾನು ಕ್ಯಾಲೆಂಡರಿನಲ್ಲಿ ಸುತ್ತು ಹಾಕುತ್ತಿದ್ದುದನ್ನು ನೋಡಿ. "ಒಳ್ಳೇದೇ ಆಯ್ತು. ಆಷಾಢದಲ್ಲಿ ಮದುವೆ ಇಲ್ಲ, ಅಮಾವಾಸ್ಯೆ ಹಿಂದುಮುಂದು ಪಾಸ್‌ಪೋರ್ಟ್ ಫೋಟೋಗೂ ಜನ ಬರಲ್ಲ. ನಲವತ್ತು ವರ್ಷದಿಂದ ನಂಗಿದು ರಜಾ. ಆಷಾಢ ಕಸ್ಟಮರ್‌ಗಳದು, ರಜಾ ನಂದು."

ಆ ಒಂದು ತಿಂಗಳು ನಮ್ಮ ಮನೆಯಲ್ಲಿ ತಯಾರಿಯೋ ತಯಾರಿ. ಮಾವ ಸ್ಟ್ಯಾಂಡ್ ತಂದಿರಲಿಲ್ಲ. ಮಗ ಕೊಂಡುಕೊಡುತ್ತೇನೆಂದರೂ ಕೇಳದೆ, ಬಾಸ್ಮತಿ ಅಕ್ಕಿಯ ಎರಡು ಕಿಲೋ ಚೀಲವನ್ನು ದಡದ ಬಂಡೆಯೊಂದರ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾವನ್ನು ಒತ್ತಿ ಕೂರಿಸಿದರು. ಅಲುಗಾಡಲಿಲ್ಲ. ಸೆಕೆಂಡು ಎಣಿಸಲು ಅವರದೇ ಲೆಕ್ಕ. "ತಿಪಟೂರು ಒಂದು, ತಿಪಟೂರು ಎರಡು" ಎಂದು ಡಾರ್ಕ್‌ರೂಮಿನಲ್ಲಿ ಎಣಿಸುತ್ತಿದ್ದರಂತೆ, ಒಂದು ತಿಪಟೂರಿಗೆ ಒಂದು ಸೆಕೆಂಡು. ನಾನು ವಾಚು ಹಿಡಿದು ಪರೀಕ್ಷಿಸಿದೆ, ತಪ್ಪು ಸಿಗಲಿಲ್ಲ. ಜುಲೈಯಲ್ಲಿ ಅಲ್ಲಿ ಎಲ್ಲರಿಗೂ ರಜೆ, ನನಗೂ ರಜೆ. ನಿದ್ದೆಯ ವಿಷಯದಲ್ಲಿ ನಾನು ಮಾವನಿಗಾಗಿ ಮಾಡಿದ ತ್ಯಾಗವನ್ನು ನನ್ನ ಗಂಡ ಇವತ್ತಿಗೂ ನಂಬಲಾರ.

ಇಪ್ಪತ್ತೆರಡು, ಶನಿವಾರ. ಎರಡು ಗಂಟೆಗೆ ನೈಟಿಯ ಮೇಲೆ ಜಾಕೆಟ್ ಏರಿಸಿ, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಮಾವನ ಹಿಂದೆ ಹೊರಟೆ. ಈಶಾನ್ಯಕ್ಕೆ ನೀರು ತೆರೆದುಕೊಂಡಿದ್ದ ಒಂದು ಬಂಡೆಯನ್ನು ಅವರು ಮೊದಲೇ ಗುರುತು ಮಾಡಿಟ್ಟಿದ್ದರು. ನಾವು ತಲುಪುವಷ್ಟರಲ್ಲೇ ಮೋಡ ಬೆಳಗಲು ಶುರುವಾಗಿತ್ತು. ಜೂನಿನಲ್ಲಿ ಕಂಡದ್ದು ಇದರ ಮುಂದೆ ಏನೂ ಅಲ್ಲ. ಆಕಾಶದ ಅರ್ಧ ಎತ್ತರದವರೆಗೂ ಬೆಳ್ಳಿಯ ಗೀರುಗಳು, ಅವುಗಳ ಅಡ್ಡಕ್ಕೆ ಇನ್ನೊಂದು ಸಾಲು, ಎಲ್ಲವೂ ಕೆಳಗೆ ನೀರಿನಲ್ಲಿ ಇನ್ನೊಮ್ಮೆ.

ಮಾವ ಕೊನೆಗೂ ಒತ್ತಿದರು. "ರೆಡಿ. ಅಲ್ಲಾಡ್ಬೇಡಿ," ಎಂದು ಮೋಡಕ್ಕೆ ಹೇಳಿ, ತಿಪಟೂರು ಒಂದು, ತಿಪಟೂರು ಎರಡು, ತಿಪಟೂರು ಮೂರು. ಮತ್ತೆ ಒತ್ತಿದರು. ಆಮೇಲೆ ತಡೆಯಿರಲಿಲ್ಲ. ಅರವತ್ತೈದು ವರ್ಷದ ಮನುಷ್ಯ ಬಂಡೆಯ ಮೇಲೆ ಬೋರಲು ಮಲಗಿ, ಅಕ್ಕಿಚೀಲವನ್ನು ಆ ಕಡೆ ಈ ಕಡೆ ಎಳೆದಾಡುತ್ತ, ತನ್ನಷ್ಟಕ್ಕೆ ನಗುತ್ತಿದ್ದರು. ಆದರೆ ಚಂದ್ರನಿರಬೇಕಾದ ಜಾಗದಲ್ಲಿ ಮಾಮೂಲಿ ಕಪ್ಪು ಮೋಡದ ಒಂದು ಪಟ್ಟಿ ಅಡ್ಡ ಕೂತಿತ್ತು. ಹನ್ನೊಂದು ಫೋಟೋ ಆದ ಮೇಲೆ, ಬೆಳಕು ಏರುತ್ತಿರುವಾಗ, ಆ ಪಟ್ಟಿಯ ಮೇಲಂಚಿನಿಂದ ಚಂದ್ರ ಹೊರಬಂದ. ಬಲಗಡೆ ಚಂದ್ರ, ಎಡಗಡೆ ಬೆಳಗುವ ಮೋಡ. ಮೂರು ಸಲ ಒತ್ತಿದರು. ಅಷ್ಟರಲ್ಲಿ ಮೋಡ ಬೆಳಕಿನಲ್ಲಿ ಕರಗಿಹೋಯಿತು.

"ಮೊದಲನೇದು ಅಲ್ಲಾಡಿತು, ನಾನೇ ಅಲ್ಲಾಡಿದೆ. ಕೊನೇದ್ರಲ್ಲಿ ಮೋಡ ಇರಲ್ಲ. ಮಧ್ಯದ್ದು," ಎಂದು ಬೆರಳೆತ್ತಿ ಹೇಳಿದರು, "ಮಧ್ಯದ್ದು ಬಂದಿದೆ ನೋಡು."

ಪೇಟೆಯಲ್ಲಿ ಒಂದು ಗಂಟೆಯಲ್ಲಿ ಫೋಟೋ ತೊಳೆದುಕೊಡುವ ಅಂಗಡಿ ಇತ್ತು. ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆವು. ಗಂಟೆ ಕಳೆದು ಅಲ್ಲಿನ ಹುಡುಗಿ ಲಕೋಟೆ ಕೊಟ್ಟಳು. ಒಳಗೆ ಇದ್ದದ್ದು ನಾಲ್ಕೇ ಪ್ರಿಂಟು, ಅವೂ ಅರ್ಧ ಒಂದರದ್ದು ಅರ್ಧ ಇನ್ನೊಂದರದ್ದು. ಉಳಿದದ್ದನ್ನು ಖಾಲಿ ಎಂದುಕೊಂಡು ಮಷಿನ್ ಬಿಟ್ಟುಬಿಟ್ಟಿತ್ತು. ಮಾವ ಪ್ರಿಂಟಿನ ಕಡೆ ನೋಡಲೂ ಇಲ್ಲ. ನೆಗೆಟಿವ್ ಪಟ್ಟಿಗಳನ್ನು ಹೊರಗೆಳೆದು, ಅಂಗಡಿಯ ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು, ಓದುವವರ ಹಾಗೆ ಒಂದೊಂದೇ ನೋಡುತ್ತ ಬಂದರು. ಒಂದು ಕಡೆ ಕೈ ನಿಂತಿತು.

ಆ ಮಧ್ಯದ ಫೋಟೋವನ್ನು ಮಷಿನ್ ಎರಡಾಗಿ ಕತ್ತರಿಸಿತ್ತು. ಒಂದು ಪಟ್ಟಿಯ ಕೊನೆಯಲ್ಲಿ ಮೋಡ, ಇನ್ನೊಂದು ಪಟ್ಟಿಯ ಮೊದಲಲ್ಲಿ ಚಂದ್ರ.

ನನಗೆ ಎಲ್ಲಿತ್ತೋ ಸಿಟ್ಟು. "ಎಂತ ಕೆಲಸ ಇದು? ಎಂತ ಮಾಡಿಟ್ಟಿದ್ದೀರಿ ನೀವು?" ಎಂದು ಕನ್ನಡದಲ್ಲೇ ಶುರುಮಾಡಿ, ಇಂಗ್ಲಿಷಿಗೆ ಹೊರಳಿ, ಬಂದಷ್ಟು ಸ್ವೀಡಿಷ್ ಸೇರಿಸಿ ಕೂಗಾಡಿದೆ. ಆ ದೇಶದಲ್ಲಿ ಅಂಗಡಿಯಲ್ಲಿ ಯಾರೂ ಕೂಗುವುದಿಲ್ಲ. ಹುಡುಗಿಯ ಕುತ್ತಿಗೆಯವರೆಗೂ ಕೆಂಪೇರಿತು. ಅವಳು ತಡವರಿಸುತ್ತ ವಿವರಿಸಿದಳು: ರಾತ್ರಿಯ ಫೋಟೋಗಳ ಅಂಚು ಕಪ್ಪಿನಲ್ಲಿ ಸೇರಿಹೋಗುತ್ತದೆ, ಒಂದು ಎಲ್ಲಿ ಮುಗಿಯಿತು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಮಷಿನ್‌ಗೆ ತಿಳಿಯುವುದಿಲ್ಲ, ಮೊದಲ ಫೋಟೋವನ್ನು ಒಳ್ಳೆ ಬೆಳಕಿನಲ್ಲಿ ಯಾವುದಾದರೂ ಸಾಧಾರಣ ವಸ್ತುವಿನದು ತೆಗೆದಿದ್ದರೆ ಅದರಿಂದ ಅಳತೆ ಹಿಡಿಯುತ್ತಿತ್ತು.

ಅವಳ ಮಾತನ್ನು ನಾನು ಕನ್ನಡದಲ್ಲಿ ಹೇಳಿದಾಗ ಮಾವ ತಲೆಯಾಡಿಸಿದರು. "ಸುಮ್ನಿರು ಬೇಟಾ, ಅವಳ ತಪ್ಪಲ್ಲ. ನಲವತ್ತು ವರ್ಷದಲ್ಲಿ ನಾನು ಒಂದ್ ರೋಲನ್ನೂ ಬೇರೆಯವ್ರ ಕೈಗೆ ತೊಳೆಯೋಕೆ ಕೊಟ್ಟೋನಲ್ಲ. ನಾನೇ ತೊಳೀತಿದ್ದೆ, ನಾನೇ ಕತ್ತರಿಸ್ತಿದ್ದೆ. ಬೇರೆಯವ್ರಿಗೆ ಕೊಟ್ಟಾಗ ಎಲ್ಲಿ ಕತ್ತರಿಸ್ಬೇಕು ಅಂತ ತೋರಿಸ್ಬೇಕು ಅಂತ ನಂಗೆ ಗೊತ್ತೇ ಇರ್ಲಿಲ್ಲ." ಹುಡುಗಿಯ ಕಡೆ ತಿರುಗಿ, "ಸಾರಿ," ಎಂದರು. ತಪ್ಪು ಹುಡುಕುವುದೇ ಕಸುಬಾದ ನನಗೆ ನಾಚಿಕೆಯಾಯಿತು.

ಮನೆಗೆ ನಡೆಯುವಾಗ ನನಗೆ ಅಳು ಬಂತು, ಅವರಿಗಲ್ಲ. ಎರಡು ತುಂಡನ್ನೂ ಅಂಟಿಸಲಾಗದೇ ಎಂದು ಕೇಳಿದೆ.

"ಆಗ್ದೆ ಏನು? ಕಸ್ಟಮರ್‌ಗಳ ದುಬೈಯಲ್ಲಿದ್ದ ಅಣ್ಣಂದಿರನ್ನೆಲ್ಲಾ ಎಷ್ಟೋ ಗ್ರೂಪ್ ಫೋಟೋಗೆ ಅಂಟಿಸಿದ್ದೀನಿ. ಅವರು ಮದುವೆಗೆ ಬಂದಿದ್ರು ಅಂತ್ಲೇ ಜನ ಇವತ್ತಿಗೂ ನಂಬಿದಾರೆ. ಆದ್ರೆ ಅದು ಅವರಿಗೆ ಬೇಕಿತ್ತು, ಮಾಡ್ಕೊಟ್ಟೆ. ಇದು ನಂಗೋಸ್ಕರ. ಇದ್ರಲ್ಲಿ ಅಂಟಿಸೋ ಕೆಲಸ ಬೇಡ."

ಭಾನುವಾರ ಬೆಳಗ್ಗೆ ಆಕಾಶದ ತುಂಬ ಬೂದಿ ಬಣ್ಣದ ಮಾಮೂಲಿ ಮೋಡ. ಬಂಡೆಯ ಮೇಲೆ ಕೂತು ಚಹಾ ಮುಗಿಸಿ ಬಂದೆವು. ಮಧ್ಯಾಹ್ನ ನಾನು ಬಿರಿಯಾನಿ ಮಾಡಿದೆ, ಮಾವ ಚೆನ್ನಾಗಿದೆ ಎಂದರು, ಅರ್ಧ ಬಿಟ್ಟರು.

ಸೋಮವಾರ, ಕೊನೆಯ ಬೆಳಗು. ಈ ಸಲ ಗಂಡನೂ ಎದ್ದು ಬಂದ. "ಅಕ್ಕಿ ನಾನ್ ಹೊತ್ಕೋತೀನಿ" ಎಂದು ಚೀಲವನ್ನು ಹೆಗಲ ಮೇಲೆ ಹಾಕಿಕೊಂಡ. ಆಕಾಶ ತೊಳೆದಿಟ್ಟಂತಿತ್ತು. ಆದರೆ ಚಂದ್ರ ಇವತ್ತು ಎದ್ದೇಳುವುದೇ ಮೂರರ ಮೇಲೆ, ಅವನ ಹಿಂದೆಯೇ ಸೂರ್ಯ. ಮೋಡವೂ ಹೆಚ್ಚಿರಲಿಲ್ಲ. ದಿಗಂತದ ಹತ್ತಿರ ಒಂದು ಸೆರಗಿನಷ್ಟು ಬೆಳಗುತ್ತಿತ್ತು.

ಹೊಸ ರೋಲು ಹಾಕಿ ಮಾವ ನನ್ನ ಕಡೆ ನೋಡಿದರು. "ಬೇಟಾ, ನಿಂತ್ಕೋ. ಮೊದಲನೇ ಫ್ರೇಮು, ಫ್ಲ್ಯಾಶ್ ಹಾಕಿ ನಿಂದು ತೆಗೀತೀನಿ. ಮಷಿನ್‌ಗೆ ಅಳತೆ ಬೇಕಲ್ಲ."

ನೈಟಿ, ಜಾಕೆಟ್ಟು, ಬಾಚದ ತಲೆ. "ಸಾಧ್ಯವೇ ಇಲ್ಲ," ಎಂದೆ. "ನೀವು ನಿಂತುಕೊಳ್ಳಿ, ನಾನು ತೆಗೆಯುತ್ತೇನೆ."

"ನಾನಾ?" ಎಂದರು ಅವರು.

ಆಗ ಗೊತ್ತಾಯಿತು, ಪಾಸ್‌ಪೋರ್ಟಿನದೊಂದು ಬಿಟ್ಟರೆ ಈ ಮನುಷ್ಯನ ಫೋಟೋವನ್ನು ಯಾರೂ ತೆಗೆದವರಿಲ್ಲ. ಮಗನ ಮದುವೆಯ ಆಲ್ಬಮ್ಮಿನಲ್ಲೂ, ಅಂದರೆ ನನ್ನದೇ ಮದುವೆಯ ಆಲ್ಬಮ್ಮಿನಲ್ಲೂ, ಅವರಿಲ್ಲ. ಬಂಡೆಯ ಮೇಲೆ ನಿಂತವರಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಜೇಬಿಗೆ ಹಾಕಿದರು, ಹೊರತೆಗೆದರು, ಹಿಂದಕ್ಕೆ ಕಟ್ಟಿದರು. ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನು ಸ್ಟುಡಿಯೋದವರ ಗತ್ತಿನಲ್ಲಿ, "ಗದ್ದ ಸ್ವಲ್ಪ ಕೆಳಗೆ. ಭುಜ ಸಡಿಲ ಬಿಡಿ. ಕಣ್ಣು ಮುಚ್ಚಬೇಡಿ. ರೆಡಿ," ಎಂದೆ. ಫ್ಲ್ಯಾಶ್ ಬಿತ್ತು. ಮಾವ ಕಣ್ಣು ಮುಚ್ಚಿದರು.

"ಮುಚ್ಚಿದ್ರಿ ಅಬ್ಬಾ!" ಎಂದು ಗಂಡ ಕೂಗಿದ.

"ಗೊತ್ತು ಕಣೋ," ಎಂದರು ಅವರು ತೀರಾ ಅವಮಾನದಲ್ಲಿ.

ಆಮೇಲೆ ಮೂವರೂ ಕಾದೆವು. ಬೆಳಕು ಏರುತ್ತಿತ್ತು, ಆ ಸೆರಗಿನಷ್ಟು ಮೋಡ ಪೇಲವವಾಗುತ್ತಿತ್ತು. ನಾನು ಮನಸ್ಸಿನಲ್ಲಿ ಚಂದ್ರನಿಗೆ ಬೈದೆ, ಬೇಡಿಕೊಂಡೆ, ಮತ್ತೆ ಬೈದೆ. ಮಾವ ಒಂದು ಕಣ್ಣು ಕ್ಯಾಮೆರಾಕ್ಕೆ ಒತ್ತಿ ಬೋರಲು ಮಲಗಿಯೇ ಇದ್ದರು. ಮೊದಲು ಕಂಡದ್ದು ಅವರಿಗೇ. ಎದುರಿನ ದ್ವೀಪದ ಮರಗಳ ನಡುವೆ ಕೆಂಪಗೆ ಒಂದು ನೂಲು. ಅದು ಮೆಲ್ಲಗೆ ಮರ ಬಿಟ್ಟು ಮೇಲೆ ಬಂತು. ಅವರು ಅಲ್ಲಾಡಬೇಡಿ ಎನ್ನಲಿಲ್ಲ, ತಿಪಟೂರು ಎಣಿಸುವುದೂ ಕೇಳಿಸಲಿಲ್ಲ. ಒತ್ತಿದ ಸದ್ದು ಮಾತ್ರ ಕೇಳಿಸಿತು, ಒಂದು, ಎರಡು, ಮೂರು. ಆಮೇಲೆ ಎದ್ದು ಕೂತು, ಮೊಣಕಾಲು ಉಜ್ಜಿಕೊಳ್ಳುತ್ತ, "ಇನ್ನು ಅವನಿಷ್ಟ," ಎಂದರು.

ಅಂಗಡಿಯಲ್ಲಿ ಅದೇ ಹುಡುಗಿ. ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಕ್ಷಮೆ ಕೇಳಿದೆ, ಅವಳೂ ಕೇಳಿದಳು. ರೋಲು ಹಾಕುವ ಲಕೋಟೆಯನ್ನು ನನ್ನ ಮುಂದೆ ತಳ್ಳಿದಳು, ಶನಿವಾರ ಅಂಥದೇ ಲಕೋಟೆಯ ಮೇಲೆ ನಾನೇ ನನ್ನ ಹೆಸರು ಗೀಚಿಕೊಟ್ಟಿದ್ದೆ. ಮಾವ ಕೈ ಚಾಚಿದರು.

"ಪೆನ್ನು ಕೊಡು. ಇವತ್ತು ನಾನ್ ಬರೀತೀನಿ."

ಸ್ಟುಡಿಯೋದಲ್ಲಿ ಇಂಥ ಲಕೋಟೆಗಳ ಮೇಲೆ ಎಷ್ಟು ಸಾವಿರ ಹೆಸರು ಬರೆದಿದ್ದರೋ. ಗಿರಾಕಿ ಹೇಳುವುದು, ಇವರು ಬರೆಯುವುದು. ಈಗ ಗಿರಾಕಿಯ ಹೆಸರು ಎಂಬ ಗೆರೆಯ ಮೇಲೆ ಪೆನ್ನಿಟ್ಟು ಸ್ವಲ್ಪ ಹೊತ್ತು ತಡೆದರು. ಆಮೇಲೆ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ಒಂದೊಂದನ್ನೂ ತಿದ್ದಿ ತೀಡಿ, ತಮ್ಮ ಹೆಸರು ಬರೆದರು. ಊರು ಎಂದಿದ್ದಲ್ಲಿ ತಿಪಟೂರು ಎಂದು ಬರೆದರು. ಹುಡುಗಿ ಅದನ್ನು ಓದಲು ನೋಡಿ, ಆಗದೆ, ನಕ್ಕು ಒಳಗೆ ಒಯ್ದಳು.

ಅಂಗಡಿಯೊಳಗಿನ ಬೆಂಚಿನ ಮೇಲೆ ಮೂವರೂ ಕೂತೆವು. ಆಗ ಕಳೆದ ಒಂದು ಗಂಟೆಯಷ್ಟು ಉದ್ದದ ಗಂಟೆಯನ್ನು ನಾನು ಆಮೇಲೆ ಯಾವ ಆಸ್ಪತ್ರೆಯಲ್ಲೂ ಕಂಡಿಲ್ಲ. ಜನ ಬರುತ್ತಿದ್ದರು, ಬೇಸಿಗೆ ಮನೆಯ ಫೋಟೋ, ನಾಯಿಯ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಗಂಡ ಅಪ್ಪನ ಪಕ್ಕದಲ್ಲಿ ಕಾಲು ಅಲುಗಿಸುತ್ತ ಕೂತಿದ್ದ.

ಒಳಬಾಗಿಲಿನಿಂದ ಹುಡುಗಿ ಹೊರಬಂದಳು. ಕೌಂಟರಿನ ಹಿಂದೆ ನಿಲ್ಲದೆ ಈಚೆಗೇ ಬಂದಳು. ಒಂದು ಕೈಯಲ್ಲಿ ಲಕೋಟೆ, ಇನ್ನೊಂದು ಕೈಯಲ್ಲಿ ಅಂಚು ಮಾತ್ರ ಮುಟ್ಟಿ ಹಿಡಿದ ಒಂದು ಪ್ರಿಂಟು, ಇನ್ನೂ ಬಿಸಿಯಾಗಿದ್ದಿರಬೇಕು. ನಾಲ್ಕು ಮಾರು ದೂರದಿಂದಲೇ ನನಗೆ ಕಾಣಿಸಿತು. ಕೆಳಗೆ ಕಪ್ಪು ಮರಗಳು, ಅವುಗಳ ಮೇಲೆ ಕೆಂಪು ನೂಲಿನಂಥ ಚಂದ್ರ, ಪಕ್ಕದಲ್ಲಿ ಬೆಳ್ಳಿಯ ಸೆರಗು, ಸುತ್ತಲೂ ಅಚ್ಚುಕಟ್ಟಾದ ಬಿಳಿ ಅಂಚು. ಎಲ್ಲವೂ ಒಂದೇ ಚೌಕಟ್ಟಿನಲ್ಲಿ, ಒಂದೂ ಕತ್ತರಿಸದೆ. ಹುಡುಗಿ ಲಕೋಟೆಯನ್ನು ಕಣ್ಣಿನ ಹತ್ತಿರ ಹಿಡಿದು, ತಡವರಿಸಿ, ನಾಲಿಗೆ ತೊಡರಿಸಿಕೊಂಡು, ಗಟ್ಟಿಯಾಗಿ ಮಾವನ ಹೆಸರು ಕೂಗಿದಳು.

ಮಾವ ಯಾವ ಗಿರಾಕಿ ಏಳುತ್ತಾನೆಂದು ಆ ಕಡೆ ಈ ಕಡೆ ನೋಡಿದರು.

"ಮಾವ," ಎಂದೆ ನಾನು, "ನಿಮ್ಮನ್ನೇ ಕರೆಯುವುದು."

ಅವರು ಧಡಕ್ಕನೆ ಎದ್ದರು. ಶಾಲೆಯಲ್ಲಿ ಹಾಜರಿ ಕೂಗಿದಾಗ ಎತ್ತುವ ಹಾಗೆ ಬಲಗೈ ಎತ್ತಿ, ಅಂಗಡಿಗೆಲ್ಲ ಕೇಳುವಂತೆ ಅಚ್ಚ ಕನ್ನಡದಲ್ಲೇ ಹೇಳಿದರು:

"ನಂದಮ್ಮಾ! ಅದು ನಂದು!"